ಹಳೆಯ ನೆತ್ತರಿನ ನೆನಪು

ನನ್ನ ಫೋನಿನಲ್ಲಿ ‘ಪ್ಲಾಸ್ಮಾ’ ಎಂದು ಶುರುವಾಗುವ ಹನ್ನೊಂದು ನಂಬರುಗಳು ಇನ್ನೂ ಇವೆ. ಪ್ಲಾಸ್ಮಾ ಒ ಪಾಸಿಟಿವ್ ಜಯನಗರ. ಪ್ಲಾಸ್ಮಾ ಬಿ ಪಾಸಿಟಿವ್ ತುಮಕೂರು. ಪ್ಲಾಸ್ಮಾ ಎಬಿ, ಸಂಜೆ ಆರರ ಮೇಲೆ. ಎಲ್ಲವೂ 2021ರ ಏಪ್ರಿಲ್ ಕೊನೆಯ ಎರಡು ವಾರಗಳಲ್ಲಿ ಬಂದು ಸೇರಿದವು. ಆಗ ಬೆಂಗಳೂರಿನಲ್ಲಿ ಫೋನ್ ಇದ್ದವರೆಲ್ಲ ಒಂದೇ ಕೆಲಸ ಮಾಡುತ್ತಿದ್ದರು: ಹಾಸಿಗೆ, ಆಕ್ಸಿಜನ್, ಪ್ಲಾಸ್ಮಾ. ಕೋವಿಡ್ ಬಂದು ಗುಣವಾಗಿ ಕೆಲವು ವಾರ ಕಳೆದವರು ಯಾರಿದ್ದಾರೆ, ರಕ್ತದ ಗುಂಪು ಯಾವುದು, ಎಷ್ಟು ಹೊತ್ತಿಗೆ ಬಂದಾರು. ಒಂದು ಮೆಸೇಜು ಕಳಿಸಿ ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಎಷ್ಟೋ ಸಲ ದಾನಿ ಸಿಗುವ ಹೊತ್ತಿಗೆ ರೋಗಿ ಇರುತ್ತಿರಲಿಲ್ಲ.

ರೋಗ ಗೆದ್ದವರ ರಕ್ತಕ್ಕೆ ಆ ರೋಗವನ್ನು ಎದುರಿಸುವ ಶಕ್ತಿ ಬಂದಿರುತ್ತದೆ ಎಂಬ ನಂಬಿಕೆಯ ಮೇಲೆ ಆ ಓಡಾಟವೆಲ್ಲ ನಡೆದಿತ್ತು. ನಂಬಿಕೆ ಸುಳ್ಳಲ್ಲ. 1890ರಲ್ಲಿ ಬರ್ಲಿನ್‌ನಲ್ಲಿ ಎಮಿಲ್ ಫಾನ್ ಬೆರಿಂಗ್ ಮತ್ತು ಕಿಟಸಾಟೊ ಶಿಬಸಬುರೊ ಪ್ರಾಣಿಗಳ ರಕ್ತದ್ರವದಿಂದಲೇ ಧನುರ್ವಾಯು, ಗಂಟಲಮಾರಿಗಳನ್ನು ತಡೆಯಬಹುದೆಂದು ತೋರಿಸಿದರು. ವೈದ್ಯಕೀಯದ ಮೊದಲ ನೊಬೆಲ್ 1901ರಲ್ಲಿ ಬೆರಿಂಗ್‌ಗೆ ಸಂದದ್ದು ಇದಕ್ಕೇ. ಆದರೆ ಕೋವಿಡ್‌ನಲ್ಲಿ ಗುಣವಾದವರ ಪ್ಲಾಸ್ಮಾ ಕೈಹಿಡಿಯಲಿಲ್ಲ. ನಮ್ಮದೇ ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನಡೆಸಿದ ಪ್ರಯೋಗ ಅದನ್ನು 2020ರಲ್ಲೇ ಸ್ಪಷ್ಟವಾಗಿ ಹೇಳಿತ್ತು. ಪ್ಲಾಸ್ಮಾ ಕೊಟ್ಟರೂ ರೋಗ ಉಲ್ಬಣಿಸುವುದು ನಿಲ್ಲಲಿಲ್ಲ, ಸಾವು ಕಡಿಮೆಯಾಗಲಿಲ್ಲ. ಆದರೂ ಚಿಕಿತ್ಸೆಯ ಮಾರ್ಗಸೂಚಿಯಿಂದ ಅದನ್ನು ತೆಗೆದದ್ದು 2021ರ ಮೇ 17ರಂದು, ಎರಡನೆಯ ಅಲೆ ನೆತ್ತಿಗೇರಿದ ಮೇಲೆ. ಅಷ್ಟು ತಿಂಗಳು ಜನರನ್ನು ಬೀದಿ ಬೀದಿ ಅಲೆಸಿದ್ದು ಸರಿಯಲ್ಲವೆಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಆ ನಂಬರುಗಳನ್ನು ಅಳಿಸದೆ ಇಟ್ಟುಕೊಂಡಿರುವುದಕ್ಕೆ ಬೇರೆ ಕಾರಣವಿದೆ. ನಾವು ಪ್ಲಾಸ್ಮಾ ಹುಡುಕುವುದಕ್ಕೆ ಒಂದು ವರ್ಷ ಮುಂಚೆ, 2020ರಲ್ಲಿ, ಜಗತ್ತಿನ ಕೆಲವೇ ಪ್ರಯೋಗಾಲಯಗಳಲ್ಲಿ ಇನ್ನೊಂದು ರಕ್ತದ ಹುಡುಕಾಟ ನಡೆದಿತ್ತು. ಅವರಿಗೆ ಬೇಕಿದ್ದದ್ದು ಕೋವಿಡ್ ಗೆದ್ದವರ ರಕ್ತವಲ್ಲ, ಅದಕ್ಕೂ ಹದಿನೇಳು ವರ್ಷ ಹಿಂದೆ ಬಂದು ಹೋದ ಸಾರ್ಸ್ ಗೆದ್ದವರದು.

*

2002ರ ನವೆಂಬರ್‌ನಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಕಾಣಿಸಿಕೊಂಡ ಸಾರ್ಸ್, ಎಂಟು ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿ, 774 ಮಂದಿಯನ್ನು ಬಲಿ ತೆಗೆದುಕೊಂಡು, 2003ರ ಜುಲೈಗೆ ಹತೋಟಿಗೆ ಬಂತು. ಆಮೇಲೆ ಅದರ ಸುದ್ದಿ ನಿಂತಿತು, ಸುದ್ದಿಯ ಜೊತೆಗೆ ದುಡ್ಡೂ ನಿಂತಿತು. ಆದರೆ ಬದುಕುಳಿದ ಒಬ್ಬರು 2004ರಲ್ಲಿ ರಕ್ತ ಕೊಟ್ಟರು. ಮತ್ತೆ 2013ರಲ್ಲೂ ಕೊಟ್ಟರು. ರೋಗ ಬಂದು ಹತ್ತು ವರ್ಷ ಕಳೆದಿತ್ತು. ಆ ವೈರಸ್ ಊರುಗಳಿಂದ ಪೂರ್ತಿ ಮರೆಯಾಗಿತ್ತು. ಆದರೂ ಅವರ ರಕ್ತದಲ್ಲಿ ಬಿ-ಕೋಶಗಳೆಂಬ ನೆನಪಿನ ಕೋಶಗಳು ಇದ್ದವು. ಒಮ್ಮೆ ಕಂಡ ವೈರಸ್ಸಿನ ಆಕಾರವನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಬದುಕುವ ಕೋಶಗಳು ಅವು.

ಸ್ವಿಟ್ಜರ್ಲೆಂಡಿನ ಬೆಲಿನ್‌ಜೋನಾದಲ್ಲಿ ಡೇವಿಡೆ ಕೊರ್ಟಿ ಅವರ ತಂಡ, ಸಿಯಾಟಲ್‌ನಲ್ಲಿ ಡೇವಿಡ್ ವೀಸ್ಲರ್ ಅವರ ತಂಡ ಸೇರಿ, ಆ ಕೋಶಗಳಿಂದ ಹೊರತೆಗೆದ 25 ಪ್ರತಿಕಾಯಗಳನ್ನು ಹೊಸ ವೈರಸ್ಸಿನ ಮುಂದೆ ಹಿಡಿದು ನೋಡಿದವು. ಎಂಟು ಹೊಸದನ್ನೂ ಗುರುತಿಸಿದವು. ಅದರಲ್ಲೊಂದು ಹಳೆಯ ಸಾರ್ಸನ್ನೂ ಹೊಸ ಕೋವಿಡನ್ನೂ ಗಟ್ಟಿಯಾಗಿ ತಡೆಯಿತು. ಅದರ ಹೆಸರು ಎಸ್309. ಅದು ಸಿಕ್ಕಿದ್ದು 2004ರ ರಕ್ತದಲ್ಲಲ್ಲ, 2013ರ ರಕ್ತದಲ್ಲಿ. ನಾನು ಇದನ್ನು ಮೊದಲು ಓದಿದಾಗ ಪುಟ ಮಗುಚದೆ ಸ್ವಲ್ಪ ಹೊತ್ತು ಕೂತಿದ್ದೆ. ರೋಗ ಮುಗಿದು ಹತ್ತು ವರ್ಷವಾದ ಮೇಲೆ ಆ ಮನುಷ್ಯನನ್ನು ಮತ್ತೆ ಕರೆದು ರಕ್ತ ತೆಗೆದಿಡಬೇಕೆಂದು ಯಾರಿಗೋ ತೋಚಿತ್ತು. ಯಾವ ತುರ್ತೂ ಇಲ್ಲದ, ಯಾರೂ ಕೇಳದ ಕೆಲಸ ಅದು. ಅದನ್ನು ಮಾಡಿದ್ದರಿಂದಲೇ 2020ರಲ್ಲಿ ಕೆಲವೇ ತಿಂಗಳಲ್ಲಿ ಔಷಧವೊಂದು ರೂಪುಗೊಂಡಿತು. ಎಸ್309ರಿಂದ ಬೆಳೆದ ಸೋಟ್ರೊವಿಮ್ಯಾಬ್ ಎಂಬ ಚುಚ್ಚುಮದ್ದಿಗೆ 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತುರ್ತು ಅನುಮತಿ ಸಿಕ್ಕಿತು. ರೋಗ ಉಲ್ಬಣಿಸುವ ಅಪಾಯ ಹೆಚ್ಚಿದ್ದವರು ಅದನ್ನು ಬೇಗ ತೆಗೆದುಕೊಂಡಾಗ ಆಸ್ಪತ್ರೆ ಸೇರುವ ಅಥವಾ ಸಾಯುವ ಸಂಭವ ಶೇ 79ರಷ್ಟು ಇಳಿಯಿತು.

ಪ್ಲಾಸ್ಮಾ ಸೋತಲ್ಲಿ ಇದು ಗೆದ್ದದ್ದು ಹೇಗೆ? ಪ್ಲಾಸ್ಮಾ ಸಂತೆಯಿದ್ದಂತೆ. ಅದರಲ್ಲಿ ಸಾವಿರ ಬಗೆಯ ಪ್ರತಿಕಾಯಗಳಿರುತ್ತವೆ, ಬೇಕಾದ್ದು ಚಿಟಿಕೆಯಷ್ಟು. ಒಬ್ಬ ದಾನಿಯಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಏನೂ ಇಲ್ಲ. ಒಂದೇ ಒಂದು ಒಳ್ಳೆಯ ಪ್ರತಿಕಾಯವನ್ನು ಹೆಕ್ಕಿ ಅದನ್ನೇ ರಾಶಿ ರಾಶಿಯಾಗಿ ಬೆಳೆಸುವ ವಿದ್ಯೆಯನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಕಂಡುಹಿಡಿದರು. ನಮಗೆ ಗೊತ್ತಿರುವ ಹಾವಿನ ಔಷಧವನ್ನು ನೆನಪಿಸಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ತಾಲ್ಲೂಕು ಆಸ್ಪತ್ರೆಯ ಫ್ರಿಜ್‌ನಲ್ಲಿರುವ ಸೀಸೆ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಆಗುತ್ತದೆ. ನಾಲ್ಕರ ವಿಷವನ್ನೂ ಕುದುರೆಗೆ ಸ್ವಲ್ಪ ಸ್ವಲ್ಪ ಕೊಟ್ಟು ಪಡೆದ ಮಿಶ್ರಣ ಅದು. ಒಳಗೆ ಒಂದೊಂದು ಹಾವಿಗೂ ಬೇರೆ ಬೇರೆ ಪ್ರತಿಕಾಯಗಳಿರುತ್ತವೆ. ಎಸ್309 ಹಾಗಲ್ಲ. ಒಂದೇ ಕೈ ಎರಡು ವೈರಸ್ಸುಗಳ ಕೊರಳನ್ನೂ ಹಿಡಿಯುತ್ತದೆ. ಎರಡರಲ್ಲೂ ಒಂದೇ ತೆರನಾಗಿ ಉಳಿದ ಜಾಗವೊಂದನ್ನು ಅದು ಕಂಡುಕೊಂಡಿದೆ.

*

ಆ ಜಾಗದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಡೀ ಕತೆ ನಿಂತಿರುವುದು ಅಲ್ಲೇ.

ಕೊರೊನಾವೈರಸ್ಸಿನ ಮೈಮೇಲಿನ ಮುಳ್ಳಿನಂಥ ಪ್ರೊಟೀನಿಗೆ ಎರಡು ಭಾಗ. ಮೇಲಿನದು ತಲೆ; ಅದರ ತುದಿ ನಮ್ಮ ಕೋಶದ ಎಸಿಇ2 ಎಂಬ ಗೂಟಕ್ಕೆ ಸಿಕ್ಕಿಕೊಳ್ಳುತ್ತದೆ. ಕೆಳಗಿನದು ಕಾಂಡ, ಸಿಕ್ಕಿಕೊಂಡ ಮೇಲೆ ವೈರಸ್ಸಿನ ಪೊರೆಯನ್ನು ನಮ್ಮ ಕೋಶದ ಪೊರೆಗೆ ಬೆಸೆಯುವುದು ಅದರ ಕೆಲಸ. ಕೊಡೆಯನ್ನು ನೆನೆಯಿರಿ. ಬಟ್ಟೆ ಯಾವ ಬಣ್ಣದ್ದಾದರೂ ಕೊಡೆ ಕೊಡೆಯೇ. ಮಡಚಿ ಬಿಚ್ಚುವ ಕಡ್ಡಿಗಳ ಅಳತೆ ಒಂದು ಗೆರೆ ತಪ್ಪಿದರೂ ಅದು ಬಿಚ್ಚಿಕೊಳ್ಳದು. ವೈರಸ್ ತಲೆಯ ಬಟ್ಟೆಯನ್ನು ಎಷ್ಟು ಬೇಕಾದರೂ ಬದಲಿಸಬಲ್ಲದು, ಕಾಂಡದ ಕಡ್ಡಿಗಳನ್ನು ಬದಲಿಸಿದರೆ ತಾನೇ ಕೆಡುತ್ತದೆ. ಹಾಗಾಗಿ ತಲೆಯ ತುದಿಯನ್ನು ಹಿಡಿಯುವ ಪ್ರತಿಕಾಯ ಬಲವಾಗಿ ತಡೆಯುತ್ತದೆ, ಆದರೆ ಬೇಗ ಮೋಸಹೋಗುತ್ತದೆ. ಕಾಂಡವನ್ನು ಹಿಡಿಯುವ ಪ್ರತಿಕಾಯ ದೂರದ ನೆಂಟರನ್ನೂ ಗುರುತಿಸುತ್ತದೆ, ಆದರೆ ಅದರ ಹಿಡಿತ ಸಡಿಲ. ಎಸ್309 ಹಿಡಿದದ್ದು ಇವೆರಡರ ನಡುವಿನ ಜಾಗ: ತಲೆಯಲ್ಲೇ ಇದ್ದರೂ ಗೂಟಕ್ಕೆ ಸಿಕ್ಕುವ ತುದಿಯಿಂದ ಪಕ್ಕಕ್ಕಿರುವ, ಸಕ್ಕರೆಯ ಸರಪಳಿಯೊಂದು ಅಂಟಿಕೊಂಡಿರುವ ಮೂಲೆ.

ಗುರುತಿಸುವುದೇ ಬೇರೆ, ತಡೆಯುವುದೇ ಬೇರೆ ಎಂಬುದನ್ನೂ ಈ ವರ್ಷಗಳು ಕಲಿಸಿದವು. ಸಿಂಗಪುರದ ಸಾರ್ಸ್ ರೋಗಿಯೊಬ್ಬರಿಂದ ಬಂದು 2006ರಲ್ಲೇ ವರದಿಯಾಗಿದ್ದ ಸಿಆರ್3022 ಎಂಬ ಪ್ರತಿಕಾಯ ಹೊಸ ವೈರಸ್ಸನ್ನು ಹಿಡಿಯುತ್ತದೆಂದು 2020ರ ಆರಂಭದಲ್ಲೇ ಗೊತ್ತಾಗಿ ಎಲ್ಲರೂ ಹಿಗ್ಗಿದರು. ಹಿಡಿಯಿತು ನಿಜ, ತಡೆಯಲು ಅದರಿಂದ ಆಗಲಿಲ್ಲ. ಅದು ಕೂರುವ ಜಾಗ ಮುಳ್ಳಿನ ಒಳಮಗ್ಗುಲಲ್ಲಿ ಅಡಗಿತ್ತು. ಆದರೆ ಅದು ಕೈಕೊಟ್ಟದ್ದೂ ಉಪಕಾರಕ್ಕೆ ಬಂತು, ಬದಲಾಗದ ಜಾಗಗಳ ನಕ್ಷೆಯಲ್ಲಿ ಮೊದಲ ಗುರುತು ಅದರಿಂದಲೇ ಬಿತ್ತು.

ಆಮೇಲೆ ಆ ನಕ್ಷೆ ತುಂಬುತ್ತ ಹೋಯಿತು. 2021ರಲ್ಲಿ ಎಸ್2ಪಿ6 ಎಂಬ ಕಾಂಡದ ಪ್ರತಿಕಾಯ ಸಿಕ್ಕಿತು. ಅದು ಕೋವಿಡ್ ವೈರಸ್ಸಿನ ಜೊತೆಗೆ, ಒಂಟೆಗಳಿಂದ ಹರಡುವ ಮರ್ಸ್ ವೈರಸ್ಸನ್ನೂ ನೆಗಡಿ ತರುವ ಒಸಿ43ಯನ್ನೂ ಗುರುತಿಸಿತು. 2022ರಲ್ಲಿ, ಪೊರೆಯನ್ನು ಚುಚ್ಚುವ ಪುಟ್ಟ ಕೊಂಡಿಯನ್ನೇ ಹಿಡಿಯುವ ಪ್ರತಿಕಾಯಗಳು ಸಿಕ್ಕವು. ಇವುಗಳ ವ್ಯಾಪ್ತಿ ಇನ್ನೂ ದೊಡ್ಡದು, ಆಲ್ಫಾ ಬೀಟಾ ಎರಡೂ ಪಂಗಡದ ಕೊರೊನಾವೈರಸ್ಸುಗಳಿಗೆ ಚಾಚುತ್ತದೆ. ಕಾಗದದ ಮೇಲೆ ನೋಡಿದರೆ ಇವೇ ಎಲ್ಲಕ್ಕೂ ಮೇಲು. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಅವು ತೋರಿಸುವ ಬಲ ತಲೆಯ ಪ್ರತಿಕಾಯಗಳಿಗಿಂತ ಎಷ್ಟೋ ಕಡಿಮೆ. ನಮ್ಮ ಮೈಯೂ ಅವನ್ನು ಹೆಚ್ಚಾಗಿ ಮಾಡುವುದಿಲ್ಲ. ನಾಲ್ಕು ಬಗೆಯ ನೆಗಡಿ ಕೊರೊನಾವೈರಸ್ಸುಗಳು ಬಾಲ್ಯದಿಂದ ಮುಪ್ಪಿನವರೆಗೂ ನಮ್ಮನ್ನು ಮತ್ತೆ ಮತ್ತೆ ಹಿಡಿಯುತ್ತಲೇ ಇರುತ್ತವೆ. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯವರು ಕೋವಿಡ್ ತಗುಲದಿದ್ದವರ ರಕ್ತ ಪರೀಕ್ಷಿಸಿದಾಗ, 48 ಮಕ್ಕಳಲ್ಲಿ 21 ಮಂದಿಯಲ್ಲಿ ಹೊಸ ವೈರಸ್ಸಿನ ಮುಳ್ಳನ್ನು ಗುರುತಿಸುವ ಪ್ರತಿಕಾಯ ಆಗಲೇ ಇತ್ತು. ದೊಡ್ಡವರಲ್ಲಿ ನೂರಕ್ಕೆ ಐದರಷ್ಟು ಮಾತ್ರ. ಪದೇ ಪದೇ ನೆಗಡಿ ಬರುವ ಶಾಲೆಯ ಮಕ್ಕಳ ಮೈಗೆ ಆ ವಂಶದ ಚಹರೆ ತಿಳಿದಿತ್ತು.

*

2021ರ ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಪತ್ತೆಯಾದವು, ಎರಡೂ ಬೆಂಗಳೂರಿನಲ್ಲೇ. ಒಬ್ಬರಿಗೆ 66, ಇನ್ನೊಬ್ಬರಿಗೆ 46 ವರ್ಷ. ಆ ದಿನ ನಮಗೆಲ್ಲ ಇದ್ದ ಭಯ ಮತ್ತೊಂದು ಏಪ್ರಿಲ್ ಬಂದೀತೆಂಬುದು. ಪ್ರತಿಕಾಯಗಳ ಮೇಲೆ ಕೆಲಸ ಮಾಡುವವರ ಎದೆ ಒಡೆದದ್ದು ಬೇರೆ ಕಾರಣಕ್ಕೆ. ಮುಳ್ಳಿನ ಮೇಲೆ ಮೂವತ್ತಕ್ಕೂ ಹೆಚ್ಚು ಬದಲಾವಣೆಗಳಿದ್ದ ವೈರಸ್ ಅದು. ಅದೇ ತಿಂಗಳು ಬೀಜಿಂಗ್‌ನಲ್ಲಿ ಯುನ್‌ಲಾಂಗ್ ಕಾವೊ ಅವರ ತಂಡ 247 ಪ್ರತಿಕಾಯಗಳನ್ನು ಒಮಿಕ್ರಾನ್ ಮುಂದೆ ಹಿಡಿದು ನೋಡಿತು. ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಸೋತವು.

ಆಗಿನಿಂದ ಔಷಧಗಳು ಒಂದೊಂದಾಗಿ ಮೂಲೆಗೆ ಬಿದ್ದದ್ದನ್ನು ನೆನೆಯುವುದು ನೋವಿನ ಕೆಲಸ. ಕ್ಯಾಸಿರಿವಿಮ್ಯಾಬ್-ಇಮ್ಡೆವಿಮ್ಯಾಬ್ ಜೋಡಿಯನ್ನು ಅಮೆರಿಕ 2022ರ ಜನವರಿಯಲ್ಲಿ ಬದಿಗಿಟ್ಟಿತು. ನಮ್ಮ ದೇಶಕ್ಕೆ 2021ರ ಮೇ ತಿಂಗಳಲ್ಲಿ ಬಂದ ಅದೇ ಔಷಧಕ್ಕೆ ಒಬ್ಬ ರೋಗಿಗೆ ₹59,750 ಆಗುತ್ತಿತ್ತು. ಎರಡು ರೋಗಿಗಳಿಗಾಗುವ ಪೊಟ್ಟಣವನ್ನು ಹಂಚಿಕೊಳ್ಳಲು ಎರಡು ಕುಟುಂಬಗಳು ಒಬ್ಬರನ್ನೊಬ್ಬರು ಹುಡುಕಿಕೊಂಡದ್ದನ್ನು ನಾನು ಕಂಡಿದ್ದೇನೆ; ಒಬ್ಬರು ಮಲ್ಲೇಶ್ವರದವರು, ಇನ್ನೊಬ್ಬರು ಹೊಸಕೋಟೆಯವರು, ಅದಕ್ಕೆ ಮುಂಚೆ ಪರಿಚಯವೇ ಇಲ್ಲ. ಅವರು ಹಣ ಹೊಂದಿಸಿದ ಆ ಔಷಧ ಏಳೆಂಟು ತಿಂಗಳಲ್ಲಿ ಕೆಲಸಕ್ಕೆ ಬಾರದ್ದಾಯಿತು. ಸೋಟ್ರೊವಿಮ್ಯಾಬ್ ಮೊದಲ ಒಮಿಕ್ರಾನ್‌ಗೆ ಎದುರು ನಿಂತಿತು, ಅದರ ತಮ್ಮನಾದ ಬಿಎ.2 ಎದುರು ಬಲಗುಂದಿತು. 2022ರ ಏಪ್ರಿಲ್‌ನಲ್ಲಿ ಅಮೆರಿಕ ಅದರ ಅನುಮತಿಯನ್ನೂ ಹಿಂದಕ್ಕೆ ಪಡೆಯಿತು. ಬೆಬ್ಟೆಲೊವಿಮ್ಯಾಬ್ ಅದೇ ನವೆಂಬರ್‌ನಲ್ಲಿ ಹೋಯಿತು. ರೋಗನಿರೋಧಕ ಶಕ್ತಿಯೇ ಕುಂದಿದವರಿಗೆ, ಅಂದರೆ ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ, ರಕ್ತದ ಕ್ಯಾನ್ಸರಿನವರಿಗೆ, ಲಸಿಕೆ ಹಾಕಿಸಿಯೂ ಪ್ರತಿಕಾಯ ಹುಟ್ಟದವರಿಗೆ ಆಸರೆಯಾಗಿದ್ದ ಇವುಶೆಲ್ಡ್ 2023ರ ಜನವರಿಯಲ್ಲಿ ಹೋಯಿತು. ನಾವು ಮಾಸ್ಕು ತೆಗೆದು ಮದುವೆ ಮನೆಗಳಿಗೆ ಹೊರಟಾಗ ಇವರು ಬಾಗಿಲು ಹಾಕಿಕೊಂಡೇ ಉಳಿದರು. ಅವರ ಬಗ್ಗೆ ಬರೆದವರು ಕಡಿಮೆ, ನಮ್ಮ ಪತ್ರಿಕೆಯೂ ಬರೆಯಲಿಲ್ಲ.

ಆದರೆ ಈ ಸೋಲುಗಳ ಪಟ್ಟಿಯ ಮಧ್ಯೆಯೂ ಸಾರ್ಸ್ ಗೆದ್ದವರ ರಕ್ತ ಮತ್ತೆ ಮತ್ತೆ ತಲೆ ಎತ್ತುತ್ತದೆ. ಕಾವೊ ಅವರ ತಂಡ, ಸಾರ್ಸ್ ಗೆದ್ದು ಆಮೇಲೆ ಕೋವಿಡ್ ಲಸಿಕೆ ಪಡೆದವರಿಂದ ಎಸ್ಎ55 ಎಂಬುದನ್ನು ಹೆಕ್ಕಿತು. ಒಮಿಕ್ರಾನ್‌ನ ಹಲವು ಪೀಳಿಗೆಗಳು ಕಳೆದರೂ ಅದು ಹಿಡಿತ ಬಿಡಲಿಲ್ಲ. ಇನ್ನೊಂದು ಎಡಿಜಿ2. ಅದರ ಮೂಲವೂ 2003ರ ಸಾರ್ಸ್‌ನಿಂದ ಪಾರಾದ ಒಬ್ಬರ ರಕ್ತ. ಯೀಸ್ಟ್ ಕೋಶಗಳಲ್ಲಿ ಅದನ್ನು ತಿದ್ದಿ ತೀಡಿ ಮಾಡಿದ ಅಡಿಂಟ್ರೆವಿಮ್ಯಾಬ್‌ಗೆ ಒಮಿಕ್ರಾನ್ ಹೊಡೆತ ಕೊಟ್ಟಿತು. ತಯಾರಕರು ಬಿಟ್ಟುಕೊಡಲಿಲ್ಲ, ಮತ್ತೆ ತಿದ್ದಿದರು. ಆ ವಂಶದ ಮೊಮ್ಮಗು ಪೆಮಿವಿಬಾರ್ಟ್‌ಗೆ 2024ರ ಮಾರ್ಚ್‌ನಲ್ಲಿ, ನಾನು ಮೇಲೆ ಹೇಳಿದ ಆ ಕಸಿ ರೋಗಿಗಳಂಥವರಿಗಾಗಿಯೇ ಅಮೆರಿಕದಲ್ಲಿ ತುರ್ತು ಅನುಮತಿ ಸಿಕ್ಕಿತು. ಹೆಸರು ಗೊತ್ತಿಲ್ಲದ ಒಬ್ಬರು 2003ರಲ್ಲಿ ಅನುಭವಿಸಿದ ಜ್ವರದ ನೆನಪು ಇನ್ನೊಬ್ಬರ ತೋಳಿನ ನರಕ್ಕೆ ಇಳಿಯುತ್ತಿದೆ.

*

ಸಾರ್ಸ್‌ನವರ ರಕ್ತದಲ್ಲೇ ಇಂಥವು ಯಾಕೆ ಸಿಗುತ್ತವೆ ಎಂಬುದಕ್ಕೆ ಒಂದು ಉತ್ತರ ಸಿಂಗಪುರದಿಂದ ಬಂತು. ಡ್ಯೂಕ್-ಎನ್‌ಯುಎಸ್‌ನ ಲಿನ್‌ಫಾ ವಾಂಗ್ ಹಲವು ದಶಕ ಬಾವಲಿಗಳ ವೈರಸ್ಸುಗಳ ಹಿಂದೆ ಬಿದ್ದವರು. ಅವರು 2021ರಲ್ಲಿ, ಸಾರ್ಸ್‌ನಿಂದ ಪಾರಾಗಿದ್ದ ಎಂಟು ಜನ ಫೈಜರ್ ಲಸಿಕೆ ಹಾಕಿಸಿಕೊಂಡ ಮೇಲೆ ಅವರ ರಕ್ತ ಪರೀಕ್ಷಿಸಿದರು. ಅವರ ಪ್ರತಿಕಾಯಗಳು ಆಗ ತಿಳಿದಿದ್ದ ಕೋವಿಡ್ ರೂಪಾಂತರಿಗಳನ್ನೆಲ್ಲ ತಡೆದವು, ಹಳೆಯ ಸಾರ್ಸನ್ನು ತಡೆದವು, ಮನುಷ್ಯರಿಗೆ ಇನ್ನೂ ತಗುಲಿಯೇ ಇಲ್ಲದ ಬಾವಲಿ ಮತ್ತು ಚಿಪ್ಪುಹಂದಿಗಳ ಸಾರ್ಸ್ ಬಳಗದ ವೈರಸ್ಸುಗಳನ್ನೂ ತಡೆದವು. ಬರಿಯ ಲಸಿಕೆ ಪಡೆದವರಲ್ಲಿ ಆ ವ್ಯಾಪ್ತಿ ಇರಲಿಲ್ಲ, ಬರಿಯ ಕೋವಿಡ್ ಬಂದವರಲ್ಲೂ ಇರಲಿಲ್ಲ. ನೆಂಟರಾದ, ಆದರೆ ಹತ್ತಿರದ ನೆಂಟರಲ್ಲದ ಎರಡು ವೈರಸ್ಸುಗಳನ್ನು ಹದಿನೆಂಟು ವರ್ಷದ ಅಂತರದಲ್ಲಿ ಕಂಡಾಗ ಮೈ ಎರಡಕ್ಕೂ ಸಮಾನವಾದದ್ದನ್ನೇ ನೆಚ್ಚಿಕೊಂಡಿತು. ಎಂಟು ಜನರ ಅಧ್ಯಯನ ಚಿಕ್ಕದು ಎನ್ನುವವರಿಗೆ ನನ್ನ ಉತ್ತರ: ಅಂಥ ಎಂಟು ಜನರನ್ನು ಹುಡುಕಲು ಸಾಧ್ಯವಾದದ್ದೇ ಅವರ ವಿಳಾಸ ಯಾರೋ ಇಟ್ಟುಕೊಂಡಿದ್ದರಿಂದ.

ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಪಮೇಲಾ ಬ್ಯೋರ್ಕ್‌ಮನ್ ಅವರ ತಂಡ ಇದೇ ತತ್ತ್ವವನ್ನು ಬೇರೆ ದಾರಿಯಲ್ಲಿ ಹಿಡಿದಿದೆ. ಅರವತ್ತು ಕೊಂಡಿಗಳಿರುವ ಅತಿ ಚಿಕ್ಕ ಪ್ರೊಟೀನ್ ಚೆಂಡೊಂದರ ಮೇಲೆ ಎಂಟು ಬೇರೆ ಬೇರೆ ಸಾರ್ಸ್ ಬಳಗದ ವೈರಸ್ಸುಗಳ ತಲೆತುಂಡುಗಳನ್ನು ಹೊಂದಿಕೆಯಿಲ್ಲದೆ ಚದುರಿಸಿ ಕೂರಿಸುತ್ತಾರೆ. ನಮ್ಮ ಬಿ-ಕೋಶ ಎರಡು ಕೈ ಚಾಚಿ ಅಕ್ಕಪಕ್ಕದ ಎರಡು ತುಂಡುಗಳನ್ನು ಒಟ್ಟಿಗೆ ಹಿಡಿಯಬೇಕು. ಪಕ್ಕದಲ್ಲಿರುವುದು ಬೇರೆ ವೈರಸ್ಸಿನ ತುಂಡಾದ್ದರಿಂದ ಎರಡರಲ್ಲೂ ಇರುವ ಜಾಗವನ್ನು ಗುರುತಿಸುವ ಕೋಶಕ್ಕೇ ಮೇಲುಗೈ. ಪ್ರಾಣಿಗಳಲ್ಲಿ, ಆ ಎಂಟರಲ್ಲಿ ಸೇರದ ವೈರಸ್ಸಿನಿಂದಲೂ ಇದು ರಕ್ಷಣೆ ಕೊಟ್ಟಿತು. ನನ್ನ ಮಟ್ಟಿಗೆ ಈ ಇಡೀ ಅವಧಿಯ ಅತ್ಯಂತ ಚೆಲುವಾದ ಯೋಚನೆ ಇದು.

ಲಸಿಕೆಯ ಹಳೆಯ ನೆನಪು ಹೊಸದನ್ನು ಕಲಿಯಲು ಬಿಡುವುದಿಲ್ಲ ಎಂಬ ಆತಂಕವೂ ಈ ಅವಧಿಯಲ್ಲಿ ಬಹಳ ಕೇಳಿಬಂತು. ಫ್ಲೂ ವಿಷಯದಲ್ಲಿ ಥಾಮಸ್ ಫ್ರಾನ್ಸಿಸ್ 1960ರಲ್ಲಿ ಹೇಳಿದ ಮಾತು ಅದು. ಕೋವಿಡ್‌ನಲ್ಲಿ ಚಿತ್ರ ಅಷ್ಟು ಕೆಟ್ಟದಾಗಿಲ್ಲ. ಮೊದಲ ಲಸಿಕೆ, ಆಮೇಲೆ ಬದಲಾದ ಲಸಿಕೆ ಹೀಗೆ ಸರಣಿಯಾಗಿ ಪಡೆದವರಲ್ಲಿ ಹಲವು ರೂಪಾಂತರಿಗಳನ್ನೂ ದೂರದ ಕೆಲವು ಸಂಬಂಧಿಗಳನ್ನೂ ತಡೆಯುವ ಪ್ರತಿಕಾಯಗಳು ಮೂಡುತ್ತವೆಂದು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2024ರಲ್ಲಿ ತೋರಿಸಿತು.

*

ಇಷ್ಟು ಹೇಳಿದ ಮೇಲೆ, ಈ ಲೆಕ್ಕದ ಪುಸ್ತಕದಲ್ಲಿ ನನ್ನನ್ನು ಬಹಳ ಕಾಡುವ ಎರಡು ಪುಟಗಳನ್ನು ತೆರೆಯಬೇಕು.

ಮೊದಲನೆಯದು 2013ರದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಬಾರ್ನಿ ಗ್ರಹಾಂ ಅವರ ಪ್ರಯೋಗಾಲಯದ ಯುವ ಸಂಶೋಧಕರೊಬ್ಬರು ಹಜ್ ಯಾತ್ರೆ ಮುಗಿಸಿ ಬಂದು ಜ್ವರದಿಂದ ಮಲಗಿದರು. ಮರ್ಸ್ ಇರಬಹುದೆಂಬ ಅಂಜಿಕೆ ಇತ್ತು. ಪರೀಕ್ಷೆಯಲ್ಲಿ ಕಂಡದ್ದು ಎಚ್‌ಕೆಯು1, ಮಾಮೂಲಿ ನೆಗಡಿಯ ಕೊರೊನಾವೈರಸ್. ಬೇರೆಯವರಾಗಿದ್ದರೆ ಸದ್ಯ ಬದುಕಿದೆ ಎಂದುಕೊಂಡು ಸುಮ್ಮನಾಗುತ್ತಿದ್ದರು. ಇವರು ಆ ನೆಗಡಿ ವೈರಸ್ಸಿನ ಮುಳ್ಳಿನ ರಚನೆ ತಿಳಿಯಲು ಹೊರಟರು. ಜೇಸನ್ ಮ್ಯಾಕ್‌ಲೆಲನ್ ಮತ್ತಿತರರ ಜೊತೆ ಅದನ್ನು 2016ರಲ್ಲಿ ಪ್ರಕಟಿಸಿದರು. ಮುಳ್ಳು ತನ್ನಷ್ಟಕ್ಕೆ ಮಡಚಿಕೊಳ್ಳದಂತೆ ಎರಡು ಕಡೆ ಬಿಗಿಹಾಕುವ ಉಪಾಯ ಆ ಕೆಲಸದಿಂದ, ಮರ್ಸ್ ಕೆಲಸದಿಂದ ಬಂತು. 2020ರಲ್ಲಿ ಫೈಜರ್, ಮೊಡೆರ್ನಾ ಲಸಿಕೆಗಳಲ್ಲಿ ಇದ್ದದ್ದು ಅದೇ ಉಪಾಯ. ನಾವು ಹಾಕಿಸಿಕೊಂಡ ಕೋವಿಶೀಲ್ಡ್‌ನಲ್ಲಿ ಅದು ಇರಲಿಲ್ಲ.

ಎರಡನೆಯದು 2016ರದು. ಟೆಕ್ಸಸ್‌ನಲ್ಲಿ ಪೀಟರ್ ಹೋಟೆಜ್ ಮತ್ತು ಮರಿಯಾ ಎಲೆನಾ ಬೊಟ್ಟಾಜಿ ಅವರ ತಂಡ ಸಾರ್ಸ್‌ಗೊಂದು ಲಸಿಕೆಯನ್ನು ತಯಾರಿಸಿ ಮುಗಿಸಿತ್ತು. ಮನುಷ್ಯರ ಮೇಲೆ ಪ್ರಯೋಗ ನಡೆಸಲು ಹಣ ಸಿಗಲಿಲ್ಲ. ಇಲ್ಲದ ರೋಗಕ್ಕೆ ಲಸಿಕೆ ಏಕೆ ಎಂಬ ಪ್ರಶ್ನೆಗೆ ಆಗ ಉತ್ತರವಿರಲಿಲ್ಲ. ಲಸಿಕೆ ಫ್ರೀಜರಿನಲ್ಲಿ ಉಳಿಯಿತು. ಅದರ ಪ್ರಯೋಗ ಆಗಲೇ ನಡೆದು ಮುಗಿದಿದ್ದರೆ 2020ರಲ್ಲಿ ಎಷ್ಟು ತಿಂಗಳು ಉಳಿಯುತ್ತಿದ್ದವು ಎಂದು ಯೋಚಿಸಿದರೆ ನನಗೆ ಆ ಏಪ್ರಿಲ್‌ನ ಮೆಸೇಜುಗಳು ನೆನಪಾಗುತ್ತವೆ. ಅದೇ ತಂಡದ, ಅದೇ ಮಾದರಿಯ ಯೀಸ್ಟ್ ವಿಧಾನವೇ ಆಮೇಲೆ ಹೈದರಾಬಾದಿನ ಬಯಲಾಜಿಕಲ್ ಇ ಕೈಯಲ್ಲಿ ಕೊರ್ಬಿವ್ಯಾಕ್ಸ್ ಆಯಿತು. 2022ರ ಮಾರ್ಚ್ 16ರಿಂದ ನಮ್ಮ ಹನ್ನೆರಡರಿಂದ ಹದಿನಾಲ್ಕು ವರ್ಷದ ಮಕ್ಕಳು ಶಾಲೆಗಳಲ್ಲಿ ಸಾಲುಗಟ್ಟಿ ತೋಳು ಕೊಟ್ಟದ್ದು ಅದಕ್ಕೆ.

ಈ ಎರಡು ಪುಟಗಳನ್ನು ಓದಿದರೆ ಸಾಕು, ರೋಗವಿಲ್ಲದ ವರ್ಷಗಳ ಕೆಲಸವೇ ರೋಗದ ವರ್ಷದಲ್ಲಿ ಕೈಗೆ ಬರುವುದು ಎಂದು ತಿಳಿಯುತ್ತದೆ. ಈಗ ನಾವಿರುವುದು ಮತ್ತೆ ಅಂಥ ವರ್ಷಗಳಲ್ಲಿ. 2021ರಲ್ಲಿ ಸಿಇಪಿಐ ಸಂಸ್ಥೆ ವಿಶಾಲ ವ್ಯಾಪ್ತಿಯ ಕೊರೊನಾ ಲಸಿಕೆಗಳಿಗೆಂದು 20 ಕೋಟಿ ಡಾಲರ್ ತೆಗೆದಿರಿಸಿತು; ಅದರಲ್ಲಿ ಹೈದರಾಬಾದಿನ ಭಾರತ್ ಬಯೋಟೆಕ್ ಪಾಲುದಾರನಾದ ಒಂದು ಯೋಜನೆಯೂ ಸೇರಿತು. 2023ರಲ್ಲಿ ಅಮೆರಿಕ ಸರ್ಕಾರ 500 ಕೋಟಿ ಡಾಲರಿನ ‘ಪ್ರಾಜೆಕ್ಟ್ ನೆಕ್ಸ್ಟ್‌ಜೆನ್’ ಪ್ರಕಟಿಸಿತು. 2025ರ ಆಗಸ್ಟ್‌ಗೆ ಅದೇ ಸರ್ಕಾರ 22 ಎಂಆರ್‌ಎನ್‌ಎ ಲಸಿಕೆ ಯೋಜನೆಗಳಿಗೆ, ಸುಮಾರು 50 ಕೋಟಿ ಡಾಲರ್ ಬೆಲೆಯವಕ್ಕೆ, ತೆರೆ ಎಳೆಯಿತು. 2004ರಲ್ಲಿ ಆದದ್ದೇ ಇನ್ನೊಮ್ಮೆ ಆಗುತ್ತಿರುವುದನ್ನು ಕಣ್ಣಾರೆ ನೋಡುತ್ತಿದ್ದೇವೆ.

ಇತ್ತ ವೈರಸ್ಸುಗಳು ಸುಮ್ಮನೆ ಕೂತಿಲ್ಲ. ಹೈಟಿಯಲ್ಲಿ ಜ್ವರ ಬಂದ ಮೂರು ಮಕ್ಕಳ ರಕ್ತದಲ್ಲಿ ಹಂದಿಗಳ ಡೆಲ್ಟಾ ಕೊರೊನಾವೈರಸ್ ಇದ್ದದ್ದು 2021ರಲ್ಲಿ ಪ್ರಕಟವಾಯಿತು. ಆ ಮಾದರಿಗಳನ್ನು ತೆಗೆದದ್ದು 2014-15ರಲ್ಲಿ. ಮತ್ತೆ ಯಾರೋ ಇಟ್ಟುಕೊಂಡಿದ್ದ ಟ್ಯೂಬುಗಳು. ಲಾವೋಸ್‌ನ ಸುಣ್ಣಕಲ್ಲಿನ ಗುಹೆಗಳ ಬಾವಲಿಗಳಲ್ಲಿ, ನಮ್ಮ ಎಸಿಇ2 ಗೂಟವನ್ನು ಸಲೀಸಾಗಿ ಹಿಡಿಯುವ ವೈರಸ್ಸುಗಳು ಸಿಕ್ಕಿವೆ. ನಮ್ಮಲ್ಲೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ 2020ರಲ್ಲಿ ಕೇರಳ, ತಮಿಳುನಾಡು, ಪುದುಚೇರಿ, ಹಿಮಾಚಲ ಪ್ರದೇಶಗಳ ಬಾವಲಿಗಳಲ್ಲಿ ಕೊರೊನಾವೈರಸ್ಸುಗಳನ್ನು ಕಂಡಿತು. ಅವು ಕೋವಿಡ್‌ಗೆ ಸಂಬಂಧಿಸಿದವಲ್ಲ. ಸಾರ್ಸ್ ಬಳಗದ ವೈರಸ್ಸುಗಳಿಗೆ ಆಸರೆ ಕೊಡುವ ಕುದುರೆಲಾಳ ಬಾವಲಿಗಳ ಕುಲ ನಮ್ಮ ಪಶ್ಚಿಮಘಟ್ಟದಲ್ಲೂ ಇದೆ. ಬಾವಲಿಯ ಮೇಲೆ ಸಿಟ್ಟು ಮಾಡಿಕೊಳ್ಳಬೇಕಾದ್ದಿಲ್ಲ. ಅಡಿಕೆ ತೋಟದ ಕೀಟ ತಿನ್ನುವುದೂ ಅವೇ. ಅವುಗಳ ವೈರಸ್ಸುಗಳನ್ನು ಗುರುತಿಸಬಲ್ಲ ಪ್ರತಿಕಾಯ ನಮ್ಮ ಬಳಿ ಇದೆಯೇ ಎಂಬುದನ್ನು ಮುಂಚೆಯೇ ನೋಡಿಟ್ಟುಕೊಳ್ಳಬಹುದು.

ನೋಡಿಟ್ಟುಕೊಳ್ಳುವ ಶಕ್ತಿ ನಮ್ಮಲ್ಲಿ ಇಲ್ಲದೆ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ತಂಡ ಮಾಡಿದ ಲಸಿಕೆ 37 ಡಿಗ್ರಿ ಶಾಖದಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕೆಡದೆ ಉಳಿಯಿತು. ಫ್ರಿಜ್ ಇಲ್ಲದ ಊರಿನ ಉಪಕೇಂದ್ರಕ್ಕೆ ಇದರ ಬೆಲೆ ಏನೆಂದು ಅಲ್ಲಿ ಕೆಲಸ ಮಾಡುವ ಆಶಾ ಕಾರ್ಯಕರ್ತೆಯನ್ನು ಕೇಳಬೇಕು. ನನ್ನ ಬೇಡಿಕೆ ಇದಕ್ಕಿಂತ ಸಣ್ಣದು, ಖರ್ಚೂ ಕಡಿಮೆ. ಈ ದೇಶದಲ್ಲಿ 220 ಕೋಟಿ ಡೋಸ್ ಲಸಿಕೆ ಹಾಕಿದೆವು. ಡೆಲ್ಟಾ ಬಂದವರು, ಒಮಿಕ್ರಾನ್ ಬಂದವರು, ಎರಡೂ ಬಂದವರು, ಇಡೀ ವೈರಸ್ಸಿನ ಕೊವ್ಯಾಕ್ಸಿನ್ ಪಡೆದವರು, ಬರಿ ತಲೆತುಂಡಿನ ಕೊರ್ಬಿವ್ಯಾಕ್ಸ್ ಪಡೆದವರು, ಇಷ್ಟು ಬಗೆಯ ನೆನಪುಗಳಿರುವ ರಕ್ತ ಬೇರೆ ಎಲ್ಲಿ ಸಿಕ್ಕೀತು? ಜಿಲ್ಲೆಗೊಂದು ವೈದ್ಯಕೀಯ ಕಾಲೇಜು ಕೆಲವು ನೂರು ಜನರ ಒಪ್ಪಿಗೆ ಪಡೆದು ರಕ್ತದ ಕೋಶಗಳನ್ನು ದ್ರವ ಸಾರಜನಕದಲ್ಲಿ ತೆಗೆದಿಡಲಿ. ಐದು ವರ್ಷಕ್ಕೊಮ್ಮೆ ಅವರನ್ನೇ ಮತ್ತೆ ಕರೆಯಲಿ. ಅವರ ಹೆಸರು, ನಂಬರು ಜೋಪಾನವಾಗಿರಲಿ.

ಇದನ್ನು ಬರೆಯಲು ಕೂರುವ ಮುಂಚೆ ನನ್ನ ಫೋನಿನ ಆ ಹನ್ನೊಂದು ನಂಬರುಗಳಿಗೆ ಒಂದೊಂದಾಗಿ ಕರೆ ಮಾಡಿದೆ. ನಾಲ್ಕು ಬಳಕೆಯಲ್ಲಿಲ್ಲ. ಮೂರು ರಿಂಗಾಗಿ ನಿಂತವು. ಇಬ್ಬರಿಗೆ ನಾನು ಯಾರೆಂದು ತಿಳಿಯಲಿಲ್ಲ, ಒಬ್ಬರು ಮೀಟಿಂಗಿನಲ್ಲಿದ್ದರು. ಕೊನೆಯದು ತುಮಕೂರಿನ ಬಿ ಪಾಸಿಟಿವ್. ಆಗ ಕಾಲೇಜು ಹುಡುಗ, ಈಗ ಯಾವುದೋ ಶೋರೂಮಿನಲ್ಲಿ ಕೆಲಸ; ಹಿಂದೆ ಗಾಡಿಗಳ ಸದ್ದು ಕೇಳುತ್ತಿತ್ತು. ಹೆಸರು ಹೇಳಿ, 2021ರಲ್ಲಿ ಮಾತಾಡಿದ್ದೆವು ಎಂದೆ. ಒಂದು ಕ್ಷಣ ಸುಮ್ಮನಿದ್ದ.

“ಹೌದು ಮೇಡಂ, ನೆನಪಿದೆ. ಮತ್ತೆ ಯಾರಿಗಾದ್ರೂ ಬೇಕಾಯ್ತಾ? ನಾಳೆ ನಂಗೆ ರಜ, ಬೆಳಿಗ್ಗೆ ಮೊದಲ ಬಸ್ಸಿಗೇ ಬರ್ತೀನಿ.”